ಹಾಯಾಗಿ ಮಲಗಿರಿ ಅನ್ನಬೇಡಿ

ವೃದ್ಧರ ಆರೈಕೆಗೆ ನಿಂತಿರುವ ಸಿಸ್ಟರ್, ಬ್ರದರ್ ಮತ್ತು ಹೋಂ ನರ್ಸ್‌ಗಳಿಗೆ ಒಂದು ಬಹಿರಂಗ ಪತ್ರ

ಪ್ರಿಯ ಸಿಸ್ಟರ್‌ಗಳೇ, ಬ್ರದರ್‌ಗಳೇ,

ಕೋರ್ಸು ಮುಗಿಸಿ, ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡು, ಜಿಲ್ಲಾ ಆಸ್ಪತ್ರೆಗೋ ಊರಿನ ನರ್ಸಿಂಗ್ ಹೋಮಿಗೋ ಇದೀಗ ಡ್ಯೂಟಿಗೆ ಸೇರಿರುವವರಿಗಾಗಿ ಈ ಪತ್ರ. ಏಜೆನ್ಸಿ ಕಳಿಸಿದ ಮನೆಗೆ ಹೋಗಿ, ಒಂದೇ ಕೋಣೆಯಲ್ಲಿ ಒಬ್ಬ ಅಜ್ಜನ ಜೊತೆ ಇಡೀ ಹಗಲು ಕಳೆಯುವ ಹೋಂ ನರ್ಸ್‌ಗಳೂ ಓದಲಿ ಎಂಬ ಆಸೆ. ನಾನು ವಾರ್ಡಿನಲ್ಲಿ ದುಡಿದು, ಆಮೇಲೆ ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಸರ್ಕಾರದ ಲೆಕ್ಕದಲ್ಲಿ ಈಗ ನಾನೂ ಹಿರಿಯ ನಾಗರಿಕಳೇ. ಹಾಗಾಗಿ ಮಂಚದ ಪಕ್ಕ ನಿಲ್ಲುವವರ ಕಷ್ಟವೂ ಗೊತ್ತು, ಮಂಚದ ಮೇಲೆ ಮಲಗುವವರ ಅಂಜಿಕೆಯೂ ಈಚೆಗೆ ಅರ್ಥವಾಗುತ್ತಿದೆ.

ಹೇಳಬೇಕಾದದ್ದು ಒಂದೇ ಮಾತು. ವಯಸ್ಸಾದವರು ತಾವೇ ಮಾಡಿಕೊಳ್ಳಬಲ್ಲ ಕೆಲಸವನ್ನು ನೀವು ಮಾಡಿಕೊಡಬೇಡಿ. ಕೇಳುವವರಿಗೆ ಇದು ಕಲ್ಲುಮನಸ್ಸಿನ ಮಾತು ಅನ್ನಿಸಬಹುದು. ನಮ್ಮ ಮನೆಗಳಲ್ಲಿ ಹಿರಿಯರ ಮೇಲಿನ ಪ್ರೀತಿ ತೋರಿಸುವ ಬಗೆಯೇ ಬೇರೆ: "ನೀವೇನೂ ಮಾಡೋಕೆ ಹೋಗ್ಬೇಡಿ, ಹಾಯಾಗಿ ಮಲಗಿರಿ." ಕೂತಲ್ಲಿಗೆ ಕಾಫಿ, ಮಲಗಿದಲ್ಲಿಗೆ ಊಟ ಕೊಡುವ ಸೊಸೆಯನ್ನು ನೆಂಟರೆಲ್ಲ ಹೊಗಳುತ್ತಾರೆ. ವಾರ್ಡಿನಲ್ಲೂ ಇದೇ ರೂಢಿ. ಬೆಳಿಗ್ಗೆ ರೌಂಡ್ಸಿಗೆ ಮುಂಚೆ ಮೈ ಒರೆಸಿ, ಬಟ್ಟೆ ಬದಲಿಸಿ, ಹೊದಿಕೆ ಸರಿಮಾಡಿ, ಅಜ್ಜಿಯನ್ನು ಮಂಚದ ನಟ್ಟನಡುವೆ ಮಲಗಿಸಿದ ಸಿಸ್ಟರ್‌ಗೆ ಶಹಬ್ಬಾಸ್. ಅದೇ ಅಜ್ಜಿ ತಾನೇ ಮುಖ ತೊಳೆದು, ಸೀರೆ ಅರ್ಧಂಬರ್ಧ ಸುತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದರೆ, "ಯಾಕ್ ಹಿಂಗೆ ಬಿಟ್ಟಿದ್ದೀರಿ?" ಎಂಬ ಪ್ರಶ್ನೆ. ಈ ರೂಢಿ ತಿರುಗಬೇಕು. ತಿರುಗಿಸುವುದು ನಿಮ್ಮಿಂದ ಮಾತ್ರ ಸಾಧ್ಯ. ಡಾಕ್ಟರು ಬಂದು ಹೋಗುತ್ತಾರೆ, ಮಂಚದ ಪಕ್ಕ ಉಳಿಯುವವರು ನೀವು.

ಮಂಚದಿಂದ ಆಗುವ ಹಾನಿಯನ್ನು ಅಳೆದವರಿದ್ದಾರೆ. ಅಮೆರಿಕದ ವೈದ್ಯಕೀಯ ಪತ್ರಿಕೆ 'ಜಾಮಾ'ದಲ್ಲಿ 2007ರಲ್ಲಿ ಒಂದು ಸಣ್ಣ ಅಧ್ಯಯನ ಬಂತು. ಅರವತ್ತು ದಾಟಿದ, ಗಟ್ಟಿಮುಟ್ಟಾಗಿದ್ದ ಕೆಲವರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದರು. ಕಾಯಿಲೆ ಇಲ್ಲ, ಜ್ವರ ಇಲ್ಲ, ಊಟ ಬೇಕಾದಷ್ಟು. ಹತ್ತು ದಿನ ಕಳೆಯುವಷ್ಟರಲ್ಲಿ ಅವರ ಕಾಲುಗಳಿಂದ ಹೆಚ್ಚು ಕಡಿಮೆ ಒಂದು ಕಿಲೋ ಮಾಂಸಖಂಡ ಕರಗಿತ್ತು. ನ್ಯುಮೋನಿಯಾ ಬಂದು, ನಾಲಿಗೆ ರುಚಿ ಕೆಟ್ಟು, ಎರಡು ತುತ್ತು ಗಂಜಿ ಕುಡಿದು ಮಲಗಿರುವ ಎಂಬತ್ತರ ಅಜ್ಜನ ಗತಿ ಏನಾದೀತು ಎಂದು ನೀವೇ ಊಹಿಸಿಕೊಳ್ಳಿ. ಔಷಧಿ ಕೆಲಸ ಮಾಡಿತು, ಎಕ್ಸ್‌ರೇ ತಿಳಿಯಾಯಿತು, ಡಿಸ್ಚಾರ್ಜೂ ಆಯಿತು. ನಡೆದುಕೊಂಡು ಬಂದಿದ್ದ ಅಜ್ಜನನ್ನು ಮನೆಯವರು ಎತ್ತಿಕೊಂಡು ಆಟೋ ಹತ್ತಿಸಿದರು. ಕಾಯಿಲೆಯನ್ನು ನಾವು ಗೆದ್ದೆವು, ಕಾಲನ್ನು ಕಳೆದೆವು.

ಇದು ಹೊಸ ಜ್ಞಾನವೂ ಅಲ್ಲ. ಲಂಡನ್ನಿನ ಹೊರವಲಯದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ 1935ರಲ್ಲಿ ಪಕ್ಕದ ಬಡವರ ವಸತಿಯ ರೋಗಿಗಳ ಹೊಣೆ ಬಿತ್ತು. 700ಕ್ಕೂ ಹೆಚ್ಚು ಜನ. ಅವರಲ್ಲಿ ಬಹಳಷ್ಟು ಮಂದಿ ಹಾಸಿಗೆ ಹಿಡಿದ ಮುದುಕರು, ಇವರಿಗೆ ಇನ್ನೇನೂ ಮಾಡುವಂತಿಲ್ಲ ಎಂದು ಎಲ್ಲರೂ ಕೈಬಿಟ್ಟವರು. ಅಲ್ಲಿದ್ದ ಮಾರ್ಜರಿ ವಾರೆನ್ ಎಂಬ ವೈದ್ಯೆ ಒಬ್ಬೊಬ್ಬರನ್ನೂ ಹೊಸದಾಗಿ ಪರೀಕ್ಷೆ ಮಾಡಿದರು. ಯಾರಿಗೆ ಏನಾಗಿದೆ, ಯಾರು ಏಳಬಲ್ಲರು ಎಂದು ಬೇರ್ಪಡಿಸಿದರು. ವಾರ್ಡಿಗೆ ಬಣ್ಣ ಹೊಡೆಸಿದರು, ಬೆಳಕು ಬರುವಂತೆ ಮಾಡಿದರು, ಕೂರಲು ಕುರ್ಚಿ, ಹಿಡಿದು ನಡೆಯಲು ಕಂಬಿ ಹಾಕಿಸಿದರು, ನರ್ಸ್‌ಗಳನ್ನು ಕಟ್ಟಿಕೊಂಡು ರೋಗಿಗಳನ್ನು ಎಬ್ಬಿಸಿದರು. ಎಷ್ಟೋ ಜನ ನಡೆದು ಮನೆಗೆ ಹೋದರು. ವೃದ್ಧರ ವೈದ್ಯಶಾಸ್ತ್ರ ಬ್ರಿಟನ್ನಿನಲ್ಲಿ ಹುಟ್ಟಿದ್ದು ಆ ವಾರ್ಡುಗಳಲ್ಲಿ. ಮುಂದೆ 1947ರಲ್ಲಿ ರಿಚರ್ಡ್ ಆಶರ್ ಎಂಬ ಇನ್ನೊಬ್ಬ ವೈದ್ಯ, ಹಾಸಿಗೆಯಲ್ಲಿ ಬಿದ್ದುಕೊಳ್ಳುವುದರಿಂದ ಯಾವ ಅಂಗಕ್ಕೆ ಏನು ಕೇಡು ಎಂದು ಪಟ್ಟಿ ಮಾಡಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಬರೆದರು. ನಿಮ್ಮ ಪಠ್ಯದಲ್ಲಿ ಬರುವ ವರ್ಜೀನಿಯಾ ಹೆಂಡರ್ಸನ್ ಹೇಳಿದ್ದೂ ಇದನ್ನೇ: ಶಕ್ತಿ, ಮನಸ್ಸು, ತಿಳಿವಳಿಕೆ ಇದ್ದಿದ್ದರೆ ರೋಗಿ ತಾನೇ ಮಾಡಿಕೊಳ್ಳುತ್ತಿದ್ದ ಕೆಲಸಕ್ಕೆ ನರ್ಸ್ ನೆರವಾಗಬೇಕು, ಆದಷ್ಟು ಬೇಗ ಆ ನೆರವು ಬೇಡವಾಗುವಂತೆ ನೋಡಿಕೊಳ್ಳಬೇಕು. ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದ ಈ ಉತ್ತರದ ಎರಡನೆಯ ಅರ್ಧ ವಾರ್ಡಿಗೆ ಬಂದಾಗ ಮರೆತುಹೋಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2015ರ ತನ್ನ ವರದಿಯಲ್ಲಿ ಆರೋಗ್ಯಕರ ಮುಪ್ಪಿನ ಅಳತೆಗೋಲನ್ನೇ ಬದಲಿಸಿತು. ಕಾಯಿಲೆ ಎಷ್ಟಿದೆ ಎಂಬ ಲೆಕ್ಕ ಬಿಟ್ಟು, ತನಗೆ ಮುಖ್ಯ ಅನ್ನಿಸಿದ್ದನ್ನು ಮಾಡುವ ಸಾಮರ್ಥ್ಯ ಎಷ್ಟು ಉಳಿದಿದೆ ಎಂದು ನೋಡಿರಿ ಎಂದಿತು. 2021ರಿಂದ 2030ರವರೆಗಿನ ಅವಧಿಯನ್ನು ವಿಶ್ವಸಂಸ್ಥೆ ಆರೋಗ್ಯಕರ ಮುಪ್ಪಿನ ದಶಕ ಎಂದು ಸಾರಿದೆ. ಬಿ.ಪಿ., ಶುಗರ್, ಮಂಡಿನೋವು ಮೂರೂ ಇದ್ದು, ದಿನಾ ಬೆಳಿಗ್ಗೆ ದೇವಸ್ಥಾನಕ್ಕೆ ನಡೆದು ಹೋಗಿ, ದಾರಿಯಲ್ಲಿ ನಾಲ್ಕು ಜನರನ್ನು ಮಾತಾಡಿಸಿ ಬರುವ ಅಜ್ಜಿ ಈ ಅಳತೆಯಲ್ಲಿ ಆರೋಗ್ಯವಂತೆ. ರಿಪೋರ್ಟೆಲ್ಲ ನಾರ್ಮಲ್ ಬಂದು, ಬಚ್ಚಲಿಗೆ ಹೋಗಲೂ ಇನ್ನೊಬ್ಬರ ಕೈ ಕಾಯುವವರು ಅಲ್ಲ.

ನಮ್ಮ ರಾಜ್ಯದ ಲೆಕ್ಕ ನೋಡಿ. 2011ರ ಜನಗಣತಿಯಲ್ಲಿ ದೇಶದಲ್ಲಿ ಅರವತ್ತು ದಾಟಿದವರು ಶೇ. 8.6, ಕರ್ನಾಟಕದಲ್ಲಿ ಶೇ. 9.5. ಅಂದಿನಿಂದ ಈ ಪ್ರಮಾಣ ಏರುತ್ತಲೇ ಇದೆ. 2017–18ರಲ್ಲಿ ನಡೆದ ಮುಪ್ಪಿನ ಕುರಿತ ರಾಷ್ಟ್ರಮಟ್ಟದ 'ಲಾಸಿ' ಸಮೀಕ್ಷೆಯ ಪ್ರಕಾರ ಸ್ನಾನ, ಬಟ್ಟೆ, ಊಟ, ಶೌಚದಂಥ ದಿನನಿತ್ಯದ ಕೆಲಸಗಳಲ್ಲಿ ಒಂದಾದರೂ ಕಷ್ಟವಾಗುವ ಹಿರಿಯರು ಸುಮಾರು ನಾಲ್ವರಲ್ಲಿ ಒಬ್ಬರು. ನೀವು ಮಕ್ಕಳ ವಾರ್ಡು, ಹೆರಿಗೆ ವಾರ್ಡು ಬಿಟ್ಟು ಬೇರೆ ಎಲ್ಲಿಗೇ ಹೋಗಿ, ನಿಮ್ಮ ರೋಗಿಗಳಲ್ಲಿ ಹಿರಿಯರು ಇದ್ದೇ ಇರುತ್ತಾರೆ. ವೃದ್ಧರ ಆರೈಕೆ ಎಂಬುದು ಸಿಲಬಸ್ಸಿನ ಒಂದು ಯೂನಿಟ್ ಆಗಿ ಉಳಿದಿಲ್ಲ, ನಿಮ್ಮ ನೌಕರಿಯೇ ಅದು.

ಇನ್ನು ಕೈಯಾರೆ ಮಾಡುವ ಕೆಲಸಕ್ಕೆ ಬರೋಣ.

ತೊಡೆಮೂಳೆ ಮುರಿದು ಆಪರೇಷನ್ ಆದ ಮರುದಿನವೇ ಎಬ್ಬಿಸಿ ಎಂದು ಸರ್ಜನ್ ಬರೆದಿರುತ್ತಾರೆ. ಎಬ್ಬಿಸುವುದು ಹೇಗೆ? ಕಂಕುಳಿಗೆ ಕೈಹಾಕಿ ಎಳೆದರೆ ರೋಗಿಯ ಭುಜವೂ ಹೋಯಿತು, ನಿಮ್ಮ ಸೊಂಟವೂ ಹೋಯಿತು. ನೋವಿನ ಮಾತ್ರೆ ಅರ್ಧ ಮುಕ್ಕಾಲು ಗಂಟೆ ಮೊದಲೇ ಹೊಟ್ಟೆ ಸೇರಿರಲಿ. ಕನ್ನಡಕ ಹಾಕಿ, ಈಗ ಏನು ಮಾಡುತ್ತೇವೆ ಎಂದು ಮುಖ ನೋಡಿ ಹೇಳಿ. ಮಂಚದ ತಲೆಭಾಗ ಎತ್ತಿ, ಒಂದೆರಡು ನಿಮಿಷ ಬಿಡಿ. ಅವರೇ ಮೊಣಕೈ ಊರಿ ಏಳಲಿ, ನಿಮ್ಮ ಕೈ ಬೆನ್ನ ಹಿಂದೆ ಸಿದ್ಧವಿರಲಿ. ಕಾಲು ಕೆಳಗಿಳಿಸಿದಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ನಮ್ಮ ಎಷ್ಟೋ ವಾರ್ಡುಗಳ ಮಂಚ ಎತ್ತರ, ಅಜ್ಜಿಯರು ಗಿಡ್ಡ, ಗಾಳಿಯಲ್ಲಿ ಕಾಲು ತೂಗಾಡುತ್ತಿದ್ದರೆ ಏಳಲು ಧೈರ್ಯ ಎಲ್ಲಿಂದ ಬರಬೇಕು? ಅಲುಗಾಡದ ಒಂದು ಕಾಲುಮಣೆ ಇಡಿಸಿ. ಆಮೇಲೆ ಕಾಲು ಹಿಂದಕ್ಕೆ ಎಳೆದುಕೊಂಡು, ಮೂಗು ಮೊಣಕಾಲಿನ ಮುಂದಕ್ಕೆ ಬರುವಷ್ಟು ಬಾಗಿ, ಕೈಯಿಂದ ಮಂಚ ಒತ್ತಿ ಏಳಲಿ. ನಿಂತಾಗ ಬಿ.ಪಿ. ನೋಡಿ. ಮಲಗಿದ್ದಾಗಿನ ಬಿ.ಪಿ.ಗೂ ಎದ್ದು ಮೂರು ನಿಮಿಷದೊಳಗಿನ ಬಿ.ಪಿ.ಗೂ ಮೇಲಿನ ಅಂಕಿಯಲ್ಲಿ 20 ಅಥವಾ ಕೆಳಗಿನದರಲ್ಲಿ 10 ಇಳಿದಿದ್ದರೆ ಕೂರಿಸಿ, ಡಾಕ್ಟರಿಗೆ ತಿಳಿಸಿ. ಮೊದಲ ದಿನ ನಿಂತು ಕೂತರೆ ಸಾಕು. ಎರಡನೆಯ ದಿನ ಕುರ್ಚಿ, ಮೂರನೆಯ ದಿನ ಬಚ್ಚಲ ಬಾಗಿಲು.

ಇದರಲ್ಲಿ ಅತ್ಯಂತ ಕಷ್ಟದ ಭಾಗ ಯಾವುದು ಗೊತ್ತೇ? ಸುಮ್ಮನೆ ನಿಲ್ಲುವುದು. ಮಲೆನಾಡಿನ ಕಡೆಯಿಂದ ಬಂದಿದ್ದ ಒಬ್ಬ ಅಜ್ಜಿ ನೆನಪಾಗುತ್ತಾರೆ. ಜೀವಮಾನವಿಡೀ ಅಡಿಕೆ ಸುಲಿದ ಕೈ. ಸೊಂಟದ ಆಪರೇಷನ್ ಆದಮೇಲೆ ಆ ಕೈ ಹೊದಿಕೆಯ ಒಳಗೇ ಇತ್ತು. ಮಗಳು ಊಟ ಮಾಡಿಸುವಳು, ಮೊಮ್ಮಗಳು ತಲೆ ಬಾಚುವಳು. ಒಂದು ದಿನ ನನ್ನ ವಿದ್ಯಾರ್ಥಿನಿಯೊಬ್ಬಳು ಬಾಚಣಿಗೆಯನ್ನು ಅಜ್ಜಿಯ ಕೈಗೇ ಕೊಟ್ಟು ನಿಂತುಬಿಟ್ಟಳು. ಮಗಳಿಗೆ ಸಿಟ್ಟು. ಅಜ್ಜಿ ಮೊದಲು ಬಾಚಣಿಗೆ ತಿರುವಿ ನೋಡಿದರು. ಎಡಗಡೆ ಬಾಚಿದರು, ಸುಸ್ತಾಗಿ ಕೈ ಇಳಿಸಿದರು. ವಿದ್ಯಾರ್ಥಿನಿಯ ಕೈ ತಾನಾಗಿ ಮುಂದೆ ಹೋಯಿತು, ನಾನು ಕಣ್ಣಲ್ಲೇ ಬೇಡ ಅಂದೆ. ಮತ್ತೆ ಬಲಗಡೆ. ಆಮೇಲೆ ಎರಡೂ ಕೈ ತಲೆಯ ಹಿಂದೆ ಎತ್ತಿ, ನಡುಗುತ್ತ, ತುರುಬು ಕಟ್ಟಿದರು. ತುರುಬು ಒಂದು ಕಡೆ ವಾಲಿತ್ತು. ಕನ್ನಡಿ ಕೇಳಿದರು, ನೋಡಿ ಇನ್ನೊಮ್ಮೆ ಬಿಚ್ಚಿ ಕಟ್ಟಿದರು. ಆಮೇಲೆ ಕೇಳಿದ್ದು ಎಲೆಯಡಿಕೆ! ಅದು ಸಿಗಲಿಲ್ಲ ಅನ್ನಿ. ಭುಜಕ್ಕೆ, ಬೆರಳಿಗೆ, ಕೂತು ಸಮತೋಲ ಕಾಯುವುದಕ್ಕೆ ಅಷ್ಟು ಒಳ್ಳೆಯ ವ್ಯಾಯಾಮವನ್ನು ಯಾವ ಪುಸ್ತಕ ನೋಡಿ ಬರೆದುಕೊಡಲಾದೀತು? ಆ ಮಧ್ಯಾಹ್ನ ಅವರು ಮಗಳ ಕೈಯಿಂದ ಚಮಚ ಕಿತ್ತುಕೊಂಡು ತಾವೇ ಉಂಡರು.

"ಇದಕ್ಕೆಲ್ಲ ಟೈಮ್ ಎಲ್ಲಿದೆ ಮೇಡಂ?" ನಿಮ್ಮ ಪ್ರಶ್ನೆ ನನಗೆ ಕೇಳಿಸುತ್ತಿದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕದಲ್ಲಿ ಬೋಧಕ ಆಸ್ಪತ್ರೆಯಲ್ಲಿ ಮೂವರು ರೋಗಿಗಳಿಗೆ, ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬರು ನರ್ಸ್ ಇರಬೇಕು. ನೈಟ್ ಡ್ಯೂಟಿಯಲ್ಲಿ ಇಡೀ ವಾರ್ಡನ್ನು ಒಬ್ಬರೇ ನೋಡಿಕೊಂಡವರ ಮುಂದೆ ಈ ಲೆಕ್ಕ ಹೇಳಿದರೆ ನಗುತ್ತಾರೆ. ಈ ಕೊರತೆಯನ್ನು ನಿಮ್ಮ ಸೇವಾಮನೋಭಾವದಿಂದ ತುಂಬಿಸಿ ಎಂದು ನಾನು ಹೇಳುವುದಿಲ್ಲ. ಅದನ್ನು ಸಂಘದ ಸಭೆಗಳಲ್ಲಿ ಕೇಳಬೇಕು, ಲಿಖಿತವಾಗಿ ಕೇಳಬೇಕು, ಕೇಳುತ್ತಲೇ ಇರಬೇಕು. ಆದರೆ ಇವತ್ತಿನ ಲೆಕ್ಕವನ್ನೂ ಮಾಡಿ ನೋಡಿ. ತಾನೇ ಹೊರಳಿ ಎದ್ದು ಕೂರಬಲ್ಲ ರೋಗಿಗೆ ಎರಡು ಗಂಟೆಗೊಮ್ಮೆ ನೀವು ಮಗ್ಗುಲು ಬದಲಿಸಬೇಕಿಲ್ಲ. ಬಚ್ಚಲಿಗೆ ನಡೆಯುವವರಿಗೆ ಬೆಡ್‌ಪ್ಯಾನ್ ಇಡಬೇಕಿಲ್ಲ. ಬೆಡ್‌ಸೋರ್ ಆಗಿಬಿಟ್ಟರೆ ಅದರ ಡ್ರೆಸ್ಸಿಂಗಿಗೆ ದಿನವೂ ಹೋಗುವ ಹೊತ್ತು ಎಷ್ಟು ಎಂದು ನಿಮಗೇ ಗೊತ್ತು. ಇವತ್ತು ಕಾದು ನಿಂತ ಹತ್ತು ನಿಮಿಷ ಮುಂದಿನ ವಾರದ ಗಂಟೆಗಳನ್ನು ಉಳಿಸುತ್ತದೆ.

ನಮ್ಮಲ್ಲಿ ಇನ್ನೊಂದು ಅನುಕೂಲವಿದೆ. ರೋಗಿಯ ಜೊತೆ ಯಾರಾದರೂ ಒಬ್ಬರು ಅಟೆಂಡರ್ ಇದ್ದೇ ಇರುತ್ತಾರೆ. ಅವರನ್ನು ಬರೀ ಔಷಧಿ ಚೀಟಿ ಹಿಡಿದು ಓಡುವುದಕ್ಕೆ ಇಟ್ಟುಕೊಳ್ಳಬೇಡಿ. ಎಬ್ಬಿಸುವ ರೀತಿಯನ್ನು ಒಮ್ಮೆ ತೋರಿಸಿ, ಮರುದಿನ ಅವರ ಕೈಯಲ್ಲೇ ಮಾಡಿಸಿ, ನೀವು ಪಕ್ಕದಲ್ಲಿರಿ. ನಾಳೆ ಮನೆಯಲ್ಲಿ ಎಬ್ಬಿಸಬೇಕಾದವರು ಅವರೇ. "ನೋಡ್ಕೊಳ್ಳಿ" ಅಂದರೆ ಅವರಿಗೆ ಅರ್ಥವಾಗುವುದು ಉಣ್ಣಿಸಿ, ಒರೆಸಿ, ಮಲಗಿಸಿ ಅಂತ. "ಇದಿಷ್ಟನ್ನು ಅವರೇ ಮಾಡಲಿ, ನೀವು ಮುಟ್ಟಬೇಡಿ" ಎಂದು ಬಿಡಿಸಿ ಹೇಳುವುದು ನಿಮ್ಮ ಕೆಲಸ.

ಊಟದ ಮಾತು. ವಯಸ್ಸಾದವರಿಗೆ ದೇಹತೂಕದ ಒಂದು ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಎಂಬುದು ಈಗ ತಜ್ಞರು ಒಪ್ಪಿರುವ ಮಾತು, ಕಿಡ್ನಿ ತೊಂದರೆ ಇದ್ದವರಿಗೆ ಡಾಕ್ಟರು ಹೇಳಿದಷ್ಟು. 50 ಕಿಲೋ ತೂಗುವ ಅಜ್ಜಿಗೆ 50ರಿಂದ 60 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚು ಕಡಿಮೆ ಅಷ್ಟೇ. ಹಾಗಿರುವಾಗ ಹುಷಾರಿಲ್ಲದವರಿಗೆಂದು ನಾವು ಕೊಡುವ ಗಂಜಿ, ಬ್ರೆಡ್ಡು, ತಿಳಿಸಾರಿನ ಅನ್ನದಲ್ಲಿ ಏನಿದೆ? ಹುರುಳಿಕಟ್ಟಿನ ಸಾರು, ಬೇಯಿಸಿ ಮಸೆದ ಅವರೆಕಾಳು, ಮೊಸೊಪ್ಪು, ಗಟ್ಟಿ ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ಇವೆಲ್ಲ ನಮ್ಮ ಅಡುಗೆಮನೆಯವೇ. ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಮೂಳೆಗೆ ಒಳ್ಳೆಯದು. ಹಾಗೆಂದು ಶುಗರ್ ಇರುವವರು ಅನ್ನ ಬಿಟ್ಟು ಎರಡೆರಡು ಮುದ್ದೆ ಉಣ್ಣುವುದರಲ್ಲಿ ಅರ್ಥವಿಲ್ಲ, ಅದೂ ಪಿಷ್ಟವೇ.

ಊಟ ಸೇರುತ್ತಿಲ್ಲ ಎಂದು ಕೇಸ್ ಶೀಟಿನಲ್ಲಿ ಬರೆಯುವ ಮುಂಚೆ ಬಾಯಿ ತೆಗೆಸಿ ನೋಡಿ. ಹಲ್ಲಿನ ಸೆಟ್ಟು ಲಾಕರಿನಲ್ಲಿ ಪೇಪರಿನೊಳಗೆ ಸುತ್ತಿಟ್ಟಿರುತ್ತದೆ. ನಾಲಿಗೆ ಮೇಲೆ ಬಿಳಿ ಅಗ್ರು ಕಟ್ಟಿರುತ್ತದೆ. ಹೊಗೆಸೊಪ್ಪು ಹಾಕುವವರ ಕೆನ್ನೆಯ ಒಳಗೆ ವಾರಗಟ್ಟಲೆ ಮಾಯದ ಹುಣ್ಣು ಕಂಡರೆ ಅವತ್ತೇ ಡಾಕ್ಟರಿಗೆ ತೋರಿಸಿ, ಕ್ಯಾನ್ಸರ್ ಬೇಗ ಸಿಕ್ಕರೆ ಬದುಕು ಸಿಕ್ಕಂತೆ. ಉಣ್ಣುವಾಗ ನೆಟ್ಟಗೆ ಕೂರಿಸಿ, ಉಂಡಮೇಲೂ ಅರ್ಧ ಗಂಟೆ ಕೂತಿರಲಿ. ಮಲಗಿದವರ ಬಾಯಿಗೆ ಸುರಿದ ಗಂಜಿ ಶ್ವಾಸಕೋಶಕ್ಕೆ ದಾರಿ ಹುಡುಕುತ್ತದೆ. ಇನ್ನು ನೀರು. ಮುಪ್ಪಿನಲ್ಲಿ ಬಾಯಾರಿಕೆಯೇ ಮಂದವಾಗುತ್ತದೆ. ಮೇಲಾಗಿ, ರಾತ್ರಿ ಯಾರನ್ನೂ ಎಬ್ಬಿಸಬಾರದು ಎಂದು ಅಜ್ಜಿಯರು ಸಂಜೆಯಿಂದಲೇ ನೀರು ಬಿಡುತ್ತಾರೆ. ಕೇಳಿದರೆ ಹೇಳುವುದಿಲ್ಲ, ಲೋಟ ನೋಡಿ ನೀವೇ ಅರಿಯಬೇಕು. ನೀರಿಗೆ ಮಿತಿ ಹೇಳಿರುವ ಹೃದಯದ ರೋಗಿಗಳನ್ನು ಬಿಟ್ಟು ಉಳಿದವರಿಗೆ ಹಗಲು ಹೊತ್ತಿನಲ್ಲೇ ಮಜ್ಜಿಗೆ, ನೀರು ಮುಗಿಸಿ.

ಕಿವಿ, ಕಣ್ಣು, ನಿದ್ದೆ. ಈ ಮೂರನ್ನು ಕಡೆಗಣಿಸಿದರೆ ಬುದ್ಧಿ ತಪ್ಪುತ್ತದೆ, ಅಕ್ಷರಶಃ. ನೆಟ್ಟಗಿದ್ದ ಅಜ್ಜ ಎರಡನೆಯ ರಾತ್ರಿ ಡ್ರಿಪ್ ಕಿತ್ತು, "ದನ ಕಟ್ಟಬೇಕು, ಬಿಡಿ" ಎಂದು ಏಳುವುದನ್ನು ನೀವೆಲ್ಲ ನೋಡಿದ್ದೀರಿ, ಅಥವಾ ಬೇಗ ನೋಡುತ್ತೀರಿ. ಅದಕ್ಕೆ ಡೆಲಿರಿಯಮ್ ಎಂದು ಹೆಸರು. ವಯಸ್ಸಾಯಿತಲ್ಲ, ಅರಳುಮರಳು ಎಂದು ಬಿಟ್ಟುಬಿಡಬೇಡಿ. ಸೋಂಕು, ನೀರಿನ ಕೊರತೆ, ಕಟ್ಟಿದ ಮೂತ್ರ, ಮಲಬದ್ಧತೆ, ಹೊಸ ಮಾತ್ರೆ ಯಾವುದೋ ಒಂದು ಕಾರಣ ಇದ್ದೇ ಇರುತ್ತದೆ. ಕೂಗಾಡುವವರು ಕಣ್ಣಿಗೆ ಬೀಳುತ್ತಾರೆ. ಸದ್ದಿಲ್ಲದೆ ಮಂಕಾಗಿ ಮಲಗಿಬಿಡುವವರು 'ಒಳ್ಳೆ ಪೇಷಂಟ್' ಅನ್ನಿಸಿಕೊಳ್ಳುತ್ತಾರೆ, ಅಪಾಯ ಅಲ್ಲೇ ಹೆಚ್ಚು. ಅಮೆರಿಕದ ಯೇಲ್‌ನಲ್ಲಿ ಶರನ್ ಇನೋಯೆ ಎಂಬ ವೈದ್ಯೆಯ ತಂಡ ಇದಕ್ಕೆ ಮಾತ್ರೆ ಹುಡುಕಲಿಲ್ಲ. ಕನ್ನಡಕ ಹಾಕಿಸುವುದು, ಕಿವಿಗೆ ಕೇಳುವಂತೆ ಮಾಡುವುದು, ಇವತ್ತು ಯಾವ ದಿನ, ಎಲ್ಲಿದ್ದೀರಿ ಎಂದು ನೆನಪಿಸುತ್ತಿರುವುದು, ನಡೆಸುವುದು, ನೀರು ಕುಡಿಸುವುದು, ನಿದ್ದೆಮಾತ್ರೆ ಬದಲು ರಾತ್ರಿ ಬಿಸಿ ಹಾಲು, ಬೆನ್ನು ನೀವುವುದು, ಸದ್ದು ತಗ್ಗಿಸುವುದು ಇಷ್ಟನ್ನೇ ಕಟ್ಟುನಿಟ್ಟಾಗಿ ಮಾಡಿದರು. 1999ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಡೆಲಿರಿಯಮ್ ಆದವರು ನೂರಕ್ಕೆ 15ರಿಂದ ಹತ್ತರ ಸುಮಾರಿಗೆ ಇಳಿದಿದ್ದರು. ಪಟ್ಟಿ ಇನ್ನೊಮ್ಮೆ ನೋಡಿ, ಎಲ್ಲವೂ ನರ್ಸಿನ ಕೆಲಸ.

ಬೀಳುವ ಭಯ ಮನೆಯವರಿಗೂ ಇದೆ, ನಮಗೂ ಇದೆ. ಬಿದ್ದರೆ ಎಲ್ಲರೂ ಸಿಸ್ಟರನ್ನೇ ಕೇಳುತ್ತಾರೆ. ಆ ಭಯಕ್ಕೆ ಕೈ ಕಟ್ಟಿಹಾಕುವುದು, ಕ್ಯಾಥೆಟರ್ ಹಾಕಿಬಿಡುವುದು, ನಡೆಯಬಲ್ಲವರಿಗೂ ಡೈಪರ್ ತೊಡಿಸುವುದು ಪರಿಹಾರವಲ್ಲ. ಕಟ್ಟಿಸಿಕೊಂಡವರು ಬಿಡಿಸಿಕೊಳ್ಳಲು ಹೋಗಿ ಇನ್ನೂ ಕೆಟ್ಟದಾಗಿ ಬೀಳುತ್ತಾರೆ. ಕ್ಯಾಥೆಟರ್ ಇದ್ದಷ್ಟು ದಿನ ಸೋಂಕಿನ ಸಾಧ್ಯತೆ ಏರುತ್ತದೆ, ಆದ್ದರಿಂದ "ಸರ್, ಇದು ಇನ್ನೂ ಬೇಕಾ?" ಎಂದು ರೌಂಡ್ಸಿನಲ್ಲಿ ದಿನಾ ಕೇಳಿ. ಎರಡು ಗಂಟೆಗೊಮ್ಮೆ ನೀವೇ ಕೇಳಿ ಬಚ್ಚಲಿಗೆ ಕರೆದೊಯ್ದರೆ ಎಷ್ಟೋ ಜನರ ಬಟ್ಟೆ ಒದ್ದೆಯಾಗುವುದಿಲ್ಲ. ಮಾತ್ರೆಗಳ ಚೀಲವನ್ನೂ ಬಿಚ್ಚಿಸಿ. ಮೂರು ಡಾಕ್ಟರು ಬರೆದ ಮೂರು ಚೀಟಿಯಲ್ಲಿ ಒಂದೇ ಔಷಧಿ ಬೇರೆ ಬೇರೆ ಹೆಸರಿನಲ್ಲಿ ಇರುತ್ತದೆ. ನಿದ್ದೆಮಾತ್ರೆ, ತೂಕಡಿಕೆ ತರಿಸುವ ಶೀತದ ಮಾತ್ರೆ ನಡಿಗೆಯನ್ನು ತಪ್ಪಿಸುತ್ತವೆ. ಮೂತ್ರ ಹೋಗಿಸುವ ಮಾತ್ರೆಯನ್ನು ಸಂಜೆ ನುಂಗಿದವರು ರಾತ್ರಿ ಕತ್ತಲಲ್ಲಿ ಎದ್ದೇ ಏಳುತ್ತಾರೆ. ಬದಲಿಸುವ ಅಧಿಕಾರ ಡಾಕ್ಟರದ್ದು, ಕಣ್ಣಿಗೆ ತಂದುಕೊಡುವ ಜವಾಬ್ದಾರಿ ನಿಮ್ಮದು.

ಎಲ್ಲರೂ ಏಳುವುದಿಲ್ಲ ಎಂಬುದನ್ನೂ ಹೇಳಬೇಕು. ಕೊನೆಯ ಹಂತದ ಕಾಯಿಲೆಯವರನ್ನು, ಇವತ್ತು ಮೈಯಲ್ಲಿ ಕಸುವಿಲ್ಲ ಎನ್ನುವವರನ್ನು ನಿಯಮ ಹಿಡಿದು ಎಳೆದಾಡುವುದು ಹಿಂಸೆ. ಅವರಿಗೆ ನೋವಿಲ್ಲದ ಮಗ್ಗುಲು, ಒಣಗಿದ ಹಾಸಿಗೆ, ಒದ್ದೆ ತುಟಿ ಕೊಡುವುದೇ ಆರೈಕೆ. ಡೊರೀನ್ ನಾರ್ಟನ್ ಎಂಬ ಬ್ರಿಟಿಷ್ ನರ್ಸ್ 1962ರಲ್ಲಿ ತನ್ನ ಸಂಶೋಧನೆ ಪ್ರಕಟಿಸಿ, ಬೆಡ್‌ಸೋರ್ ತಡೆಯುವುದು ಹಚ್ಚುವ ಲೇಪಗಳಿಂದ ಆಗುವುದಿಲ್ಲ, ಒತ್ತಡ ತಪ್ಪಿಸುವುದರಿಂದ ಆಗುತ್ತದೆ ಎಂದು ತೋರಿಸಿದರು. 20 ಅಂಕದ ಆಕೆಯ ಅಳತೆಪಟ್ಟಿಯಲ್ಲಿ 14 ಅಥವಾ ಕೆಳಗೆ ಬಂದವರ ಬೆನ್ನು, ಸೊಂಟ, ಹಿಮ್ಮಡಿಯ ಮೇಲೆ ನಿಮ್ಮ ಕಣ್ಣಿರಲಿ. ಹಾಸಿಗೆಯಲ್ಲೇ ಇರುವವರಿಗೂ ಆಯ್ಕೆ ಉಂಟು: ಕಿಟಕಿ ಕಡೆ ಮುಖವೋ ಬಾಗಿಲ ಕಡೆಯೋ, ಸ್ನಾನ ಈಗಲೋ ಆಮೇಲೋ, ಮೊದಲು ಕಾಫಿಯೋ ಮಾತ್ರೆಯೋ. ಕೇಳಿ, ಅವರು ಹೇಳಿದಂತೆ ಮಾಡಿ.

ಕರೆಯುವ ರೀತಿಯೂ ಇದಕ್ಕೇ ಸೇರಿದ್ದು. ಶಾಲೆ ಹೆಡ್ಮಾಸ್ತರಾಗಿ ಊರಿಗೆಲ್ಲ ಮೇಷ್ಟ್ರಾಗಿದ್ದವರನ್ನು "ಏನ್ ತಾತಾ, ಉಚ್ಚೆ ಹೋಯ್ತಾ?" ಎಂದು ಆ ತುದಿಯಿಂದ ಕೂಗಬೇಡಿ. ಏನೆಂದು ಕರೆಯಲಿ ಎಂದು ಮೊದಲ ದಿನವೇ ಕೇಳಿಕೊಳ್ಳಿ. ಅಜ್ಜಿ ಅನ್ನಿಸಿಕೊಳ್ಳಲು ಇಷ್ಟಪಡುವವರಿದ್ದಾರೆ, ಅಮ್ಮ ಅನ್ನಿ ಎನ್ನುವವರಿದ್ದಾರೆ, ಟೀಚರ್ ಎಂದರೆ ಮಾತ್ರ ತಿರುಗುವವರಿದ್ದಾರೆ. ಪರದೆ ಎಳೆಯದೆ ಬಟ್ಟೆ ಬಿಚ್ಚಬೇಡಿ. ಅವರ ಕಾಯಿಲೆ ವಿಷಯವನ್ನು ಅವರ ತಲೆಯ ಮೇಲಿಂದ ಮಗನ ಹತ್ತಿರ ಮಾತ್ರ ಮಾತಾಡಬೇಡಿ. ಗೌರವ ಕಳೆದುಕೊಂಡವರಿಗೆ ಏಳಬೇಕೆಂಬ ಆಸೆಯೇ ಹುಟ್ಟುವುದಿಲ್ಲ.

ಹೋಂ ನರ್ಸ್‌ಗಳಿಗೆ ಎರಡು ಮಾತು. ನಿಮ್ಮ ಕೆಲಸ ಇನ್ನೂ ಕಷ್ಟ, ಯಾಕೆಂದರೆ ಸಂಬಳ ಕೊಡುವ ಮಗ, ಮಗಳು "ಅಪ್ಪನಿಗೆ ಏನೂ ತೊಂದರೆ ಕೊಡಬೇಡಿ" ಎನ್ನುತ್ತಾರೆ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಕೂತು ಕ್ಯಾಮೆರಾದಲ್ಲಿ ನೋಡುವವರಿಗೆ ಅಪ್ಪ ತಾನೇ ಅಂಗಿ ಗುಂಡಿ ಹಾಕಿಕೊಳ್ಳಲು ಒದ್ದಾಡುವುದು, ಪಕ್ಕದಲ್ಲಿ ನೀವು ಸುಮ್ಮನೆ ನಿಂತಿರುವುದು ಕಂಡರೆ ಕೋಪ ಬರುತ್ತದೆ. ಮೊದಲ ವಾರವೇ ಅವರಿಗೆ ವಿವರಿಸಿಬಿಡಿ. ಮನೆ ಸುತ್ತಿ ನೋಡಿ: ಬಚ್ಚಲ ನೆಲದ ಪಾಚಿ, ಹಿಡಿಯಲು ಕಂಬಿ ಇಲ್ಲದ ಗೋಡೆ, ಎಣ್ಣೆಸ್ನಾನದ ದಿನದ ಜಾರಿಕೆ, ಎಡವುವ ಹೊಸ್ತಿಲು, ಮಡಚಿಕೊಳ್ಳುವ ಕಾಲೊರಸು, ರಾತ್ರಿ ಉರಿಯದ ದೀಪ. ವಿಶ್ವ ಆರೋಗ್ಯ ಸಂಸ್ಥೆ ಹೇಳಿಕೊಟ್ಟ ಸರಳ ಪರೀಕ್ಷೆಗಳೂ ನಿಮ್ಮ ಕೈಯಳತೆಯಲ್ಲಿವೆ. ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು 14 ಸೆಕೆಂಡು ಸಾಕೇ? ಮೂರು ತಿಂಗಳಲ್ಲಿ ತಾನಾಗಿ 3 ಕಿಲೋಗಿಂತ ಹೆಚ್ಚು ತೂಕ ಇಳಿದಿದೆಯೇ? ಪಿಸುಮಾತು ಕೇಳಿಸುತ್ತದೆಯೇ? ಹೇಳಿದ ಮೂರು ಪದ ಸ್ವಲ್ಪ ಹೊತ್ತಿನ ಮೇಲೆ ನೆನಪಿದೆಯೇ? ಎಡವಟ್ಟು ಕಂಡರೆ ಮುಪ್ಪಿನ ಲೆಕ್ಕಕ್ಕೆ ಹಾಕದೆ ಡಾಕ್ಟರಿಗೆ ಹೇಳಿ.

ಸರ್ಕಾರದ ಬಾಗಿಲುಗಳು ಎಲ್ಲಿವೆ ಎಂಬುದೂ ನಿಮಗೆ ಗೊತ್ತಿರಬೇಕು, ಡಿಸ್ಚಾರ್ಜ್ ದಿನ ಜನ ಕೇಳುವುದು ನಿಮ್ಮನ್ನೇ. ವೃದ್ಧರ ಆರೋಗ್ಯಕ್ಕೆಂದೇ 2010–11ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗಳಿಗೆ ಹತ್ತು ಹಾಸಿಗೆಯ ವಾರ್ಡು ಇದೆ. ಊರಿನ ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ ಅನೇಕ ಸಲ ನಿಮ್ಮಂತೆ ನರ್ಸಿಂಗ್ ಓದಿದವರೇ, ಅವರ ಫೋನ್ ನಂಬರನ್ನು ಮನೆಯವರಿಗೆ ಬರೆದುಕೊಡಿ. 2024ರಿಂದ ಎಪ್ಪತ್ತು ತುಂಬಿದವರಿಗೆ ಆದಾಯದ ಮಿತಿ ಇಲ್ಲದೆ ಆಯುಷ್ಮಾನ್ ಭಾರತದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಾಗಿದೆ. ಒಂಟಿಯಾಗಿರುವವರಿಗೆ, ಮನೆಯಲ್ಲಿ ಹಿಂಸೆ ಅನುಭವಿಸುವವರಿಗೆ 14567 ಹಿರಿಯರ ಸಹಾಯವಾಣಿ. ಮೈಮೇಲಿನ ಕಂದಿದ ಗುರುತು, ಮಗ ಬಂದೊಡನೆ ನಿಲ್ಲುವ ಮಾತು ಇವನ್ನು ಎಲ್ಲರಿಗಿಂತ ಮೊದಲು ನೋಡುವವರೂ ನೀವೇ.

ಕೊನೆಯದಾಗಿ ಒಂದು ಬೇಡಿಕೆ. ಡ್ಯೂಟಿ ಬದಲಾಗುವಾಗ ಓವರ್ ಕೊಡುತ್ತೀರಲ್ಲ, ಅಲ್ಲಿ ಬಿ.ಪಿ., ಶುಗರ್, ಎಷ್ಟು ಮೂತ್ರ, ಎಷ್ಟನೆಯ ಡ್ರಿಪ್ ಎಂದು ಹೇಳಿ ಮುಗಿಸುತ್ತೀರಿ. ಅದರ ಜೊತೆಗೆ ಪ್ರತಿ ವೃದ್ಧ ರೋಗಿಯ ಬಗ್ಗೆ ಒಂದೇ ಒಂದು ಸಾಲು ಸೇರಿಸಿ: ಇವತ್ತು ತಾವಾಗಿ ಏನು ಮಾಡಿದರು, ನಾಳೆ ಏನು ಮಾಡಿಸಬೇಕು. "ಆರನೇ ಬೆಡ್ ಅಜ್ಜ, ತಾವೇ ಉಂಡರು, ನಿಂತು ಮೂರು ಹೆಜ್ಜೆ ಹಾಕಿದರು, ನಾಳೆ ಬಚ್ಚಲವರೆಗೆ." ಇದಕ್ಕೆ ಯಾರ ಅನುಮತಿಯೂ ಬೇಡ, ಹೊಸ ಫಾರಮ್ಮೂ ಬೇಡ, ರಿಜಿಸ್ಟರಿನಲ್ಲಿ ಜಾಗ ಇದೆ. ಬರೆದ ಸಾಲನ್ನು ಮುಂದಿನ ಡ್ಯೂಟಿಯವರು ಓದುತ್ತಾರೆ, ಓದಿದವರು ಕೇಳುತ್ತಾರೆ, ಕೇಳಿದರೆ ಅಜ್ಜ ಏಳುತ್ತಾರೆ. ಇಂದಿನ ಡ್ಯೂಟಿಯಿಂದಲೇ ಶುರುಮಾಡಿ. ನಿಮ್ಮಲ್ಲಿ ಯಾರದೋ ವಾರ್ಡಿಗೆ ನಾನೂ ಬಂದೇ ಬರುತ್ತೇನೆ. ಆಗ ನನ್ನ ಬಾಚಣಿಗೆ ನನ್ನ ಕೈಗೇ ಕೊಡಿ, ಎಷ್ಟೇ ಹೊತ್ತಾದರೂ ಕಾಯಿರಿ.

ಇತಿ,
ನಿಮ್ಮವಳೇ ಆದ
ಒಬ್ಬ ನಿವೃತ್ತ ನರ್ಸಿಂಗ್ ಬೋಧಕಿ